ಗುಂಡಮ್ಮನ ಮನೆಯ ಇಬ್ಬರು ಹೆಣ್ಣುಮಕ್ಕಳು

ಬಿ. ವಿಠಲಾಚಾರ್ಯರ ಕನ್ನಡ ಚಿತ್ರ 'ಮನೆ ತುಂಬಿದ ಹೆಣ್ಣು' (1958) ತೆಲುಗಿನ 'ಗುಂಡಮ್ಮ ಕಥ'ಕ್ಕೆ (1962) ಮೂಲವಾಯಿತು; ತಮಿಳಿನಲ್ಲಿ 'ಮನಿದನ್ ಮಾರವಿಲ್ಲೈ' ಆಯಿತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಮಾರ್ಕಯನ್‌ಕೋಟ್ಟೈಯ ನಮ್ಮಂಥವರಿಗೆ ಈ ಪಯಣ ಹೊಸತೇನಲ್ಲ.

ಗುಂಡಮ್ಮನಿಗೆ ಹೆತ್ತ ಮಗಳು ಸರೋಜ ಮುದ್ದು. ಮಲಮಗಳು ಲಕ್ಷ್ಮಿ ಮನೆಯಾಳು. ಸಿರಿವಂತ ಅಣ್ಣತಮ್ಮಂದಿರು ಗುಟ್ಟು ಮುಚ್ಚಿಟ್ಟು ಇವರನ್ನು ವರಿಸುತ್ತಾರೆ. ಅಣ್ಣನಂತೂ ಆಳಿನ ವೇಷದಲ್ಲಿ. ನಗೆಗೆ ಬರವಿಲ್ಲ. ಆದರೆ ಸರೋಜಳ ಗರ್ವ ಮುರಿಯಲು ಗಂಡ ಬಡವನೆಂದು ನಟಿಸಿ ಅವಳನ್ನು ಕೂಲಿಗೆ ದುಡಿಸುತ್ತಾನೆ. ಭೇದ ಬಿತ್ತಿದವಳು ತಾಯಿ. ಅವಳೂ ಕೊನೆಗೆ ನೋಯುತ್ತಾಳೆ, ನಿಜ. ವಂಚಿಸಿದ ಗಂಡಸರನ್ನು ಮಾತ್ರ ಯಾರೂ ಕೇಳುವುದಿಲ್ಲ. ಬ್ಯಾಂಕಿನ ಗುಮಾಸ್ತನಾದ ನನಗೆ ಈ ಲೆಕ್ಕ ತಾಳೆಯಾಗುವುದಿಲ್ಲ.

ಆದರೂ ಸಾವಿತ್ರಿ, ಜಮುನಾ, ಸೂರ್ಯಕಾಂತಂ ಅವರ ಅಭಿನಯಕ್ಕಾಗಿ ತೆಲುಗು ಚಿತ್ರ ನೋಡಲೇಬೇಕು. ಮಕ್ಕಳಿಗೆ ತೋರಿಸುವಾಗ, ಕತೆಯ ತವರು ಕನ್ನಡವೆಂದೂ ಹೇಳಿರಿ.