ತಿಪ್ಪೆಯೊಳಗಿನ ಬೂದಿ ಎಳೆ

ಮೂರು ತಿಂಗಳು ಮಾಗಿದ ತಿಪ್ಪೆಯನ್ನು ಒಂದು ಗೇಣು ಬಗೆದರೆ ತರಗೆಲೆಯ ಮೇಲೆ ಬೂದಿ ಉದುರಿಸಿದಂತೆ ನವಿರಾದ ಎಳೆಗಳು ಕಾಣುತ್ತವೆ. ಬೂಷ್ಟು ಹಿಡಿಯಿತೆಂದು ಅದನ್ನು ಕೆರೆದು ಬಿಸಾಡುವವರನ್ನು ಕಂಡರೆ ನನಗೆ ಸಂಕಟ. ಒಂದು ಹಿಡಿ ಎತ್ತಿಕೊಳ್ಳಿ, ಮೊದಲ ಮಳೆಗೆ ನೆಂದ ನೆಲದ ವಾಸನೆ ಬರುತ್ತದೆ. ಆ ವಾಸನೆ ಜಿಯೋಸ್ಮಿನ್‌ನದು. ಅದನ್ನು ಮಾಡಿದ್ದು ಬೂಷ್ಟಿನಂತೆಯೇ ಎಳೆಬಿಟ್ಟು ಬೆಳೆಯುವ ಬ್ಯಾಕ್ಟೀರಿಯಾ: ಸ್ಟ್ರೆಪ್ಟೊಮೈಸಿಸ್ ಮತ್ತದರ ಬಳಗ.

ಈ ಬಳಗದ ಗ್ರೀಸಿಯಸ್ ಎಂಬ ಜಾತಿಯನ್ನು 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ, ಸೆಲ್ಮನ್ ವಾಕ್ಸ್‌ಮನ್ ಅವರ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್ ಎರಡು ಕಡೆಯಿಂದ ಹೆಕ್ಕಿದರು. ಒಂದು, ಚೆನ್ನಾಗಿ ಗೊಬ್ಬರ ಉಂಡ ಹೊಲದ ಮಣ್ಣು. ಇನ್ನೊಂದು, ಕೋಳಿಯ ಗಂಟಲು. ಅದರಿಂದ ಸ್ಟ್ರೆಪ್ಟೊಮೈಸಿನ್ ಎಂಬ ಮದ್ದು ಸಿಕ್ಕಿತು, ಬೇರೆ ಬ್ಯಾಕ್ಟೀರಿಯಾಗಳಿಗೆ ಅದು ವಿಷ. ಪೆನಿಸಿಲಿನ್‌ಗೆ ಜಗ್ಗದ ಕ್ಷಯದ ರೋಗಾಣು ಇದಕ್ಕೆ ಜಗ್ಗಿತು.

ಅದರ ಕೆಲಸದ ರೀತಿ ನೋಡಿ. ಪ್ರತಿ ಬ್ಯಾಕ್ಟೀರಿಯಾದೊಳಗೂ ಪ್ರೋಟೀನು ನೇಯುವ ಮಗ್ಗಗಳಿವೆ, ರೈಬೋಸೋಮ್ ಎನ್ನುತ್ತಾರೆ. ಸ್ಟ್ರೆಪ್ಟೊಮೈಸಿನ್ ಅಲ್ಲಿ ಹೋಗಿ ಕೂತರೆ ಮಗ್ಗ ನಿಲ್ಲುವ ಮೊದಲೇ ನೇಯ್ಗೆ ತಪ್ಪುತ್ತದೆ. ತಪ್ಪು ಪ್ರೋಟೀನುಗಳು ಜೀವಕೋಶದ ಪೊರೆಗೆ ಸೇರಿ ಅದನ್ನು ಸೋರುವಂತೆ ಮಾಡುತ್ತವೆ. ಆ ಸೋರಿಕೆಯಲ್ಲೇ ಇನ್ನಷ್ಟು ವಿಷ ಒಳನುಗ್ಗುತ್ತದೆ.

ಹಾಗಾದರೆ ತಯಾರಿಸಿದವನ ಮಗ್ಗ? ಗ್ರೀಸಿಯಸ್ ತನ್ನೊಳಗೆ ಇರುವಷ್ಟು ಹೊತ್ತೂ ವಿಷಕ್ಕೆ ಫಾಸ್ಫೇಟಿನ ಬೀಗ ಜಡಿದಿರುತ್ತದೆ. ಹೊಸ್ತಿಲು ದಾಟಿದ ಮೇಲೆಯೇ ಬೀಗ ಕಳಚುವುದು.

ನನ್ನನ್ನು ಬಹಳ ಕಾಲ ಕಾಡಿದ್ದು ಅದು ವಿಷ ಮಾಡುವ ಹೊತ್ತು. ಉಣ್ಣಲು ಸಮೃದ್ಧವಾಗಿದ್ದಾಗ ಅದು ಬರೀ ಬೆಳೆಯುತ್ತದೆ. ಆಹಾರ ತೀರುತ್ತಾ ಬಂದಾಗ ಎ-ಫ್ಯಾಕ್ಟರ್ ಎಂಬ ಸಂಕೇತದ ಅಣು ಎಳೆಗಳ ನಡುವೆ ಕೂಡಿಕೊಳ್ಳುತ್ತದೆ. ಆಗ ಎರಡು ಕೆಲಸ ಒಟ್ಟಿಗೇ ಶುರು: ಬೀಜಕಣ ಕಟ್ಟುವುದು, ಸ್ಟ್ರೆಪ್ಟೊಮೈಸಿನ್ ಮಾಡುವುದು. ಹಳೆಯ ಎಳೆಗಳು ತಾವೇ ಕರಗಿ ಮುಂದಿನ ಪೀಳಿಗೆಗೆ ಉಣಿಸಾಗುವ ಗಳಿಗೆ ಅದು. ಆ ಉಣಿಸು ನೆರೆಯವರ ಪಾಲಾಗದಂತೆ ವಿಷ ಕಾಯುತ್ತದೆಂಬ ವಿವರಣೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ರಾಶಿ ಬಿದ್ದ ಕಣವನ್ನು ರಾತ್ರಿ ಯಾರೂ ಬಿಟ್ಟು ಮಲಗುವುದಿಲ್ಲವಲ್ಲ.

ಕಾವಲಾದರೂ ಎಷ್ಟು ದೂರ? ಜೇಡಿಯ ಕಣಗಳು ಈ ಮದ್ದನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದರ ಪ್ರತಾಪ ಎಳೆಯ ಸುತ್ತಮುತ್ತಲಷ್ಟೇ. ಅದೇ ಮದ್ದನ್ನು ಪುಡಿ ಮಾಡಿ, ನೀರಿಗೆ ಕಲಸಿ, ದುಂಡಾಣು ಅಂಗಮಾರಿಗೆಂದು ಇಡೀ ದಾಳಿಂಬೆ ತೋಟಕ್ಕೆ ಹೊಡೆಯುವುದು ಬೇರೆಯೇ ಮಾತು. ಮದ್ದಿಗೆ ಬಗ್ಗದ ತಳಿಗಳು ಬೆಳೆಯುವುದು ಹಾಗೆಯೇ. ನನಗದು ಸರಿಕಾಣುವುದಿಲ್ಲ.

ಈ ವಾರ ಹೊಸ ತಿಪ್ಪೆ ಕಟ್ಟಿದೆ. ಹಳೆಯದರಿಂದ ಎರಡು ಬೊಗಸೆ ಬೂದಿ ಎಳೆ ತೆಗೆದು ಹೆಪ್ಪಿನಂತೆ ನಡುವೆ ಇಟ್ಟು, ಮೇಲೆ ಒದ್ದೆ ಗೋಣಿ ಹೊದಿಸಿದ್ದೇನೆ.