ಮಲಗುವ ಜಾಗ ಆರಿಸುವ ವಿದ್ಯೆ

ದೀಪಾವಳಿ ಮುಗಿದು ಮೆಕ್ಕೆಜೋಳದ ಕಟಾವು ಹಿಂದೆ ಬಿತ್ತೆಂದರೆ ನಮ್ಮ ಜಿಲ್ಲೆಯಲ್ಲಿ ಟೆಂಟಿನ ಕಾಲ ಶುರು. ಶನಿವಾರ ಮಧ್ಯಾಹ್ನ ಬ್ಯಾಗು ಬಿಗಿದುಕೊಂಡು ಹೊರಡುವವರು ಹೆಚ್ಚಾಗಿ ಪಡುವಣಕ್ಕೇ ಮುಖ ಮಾಡುತ್ತಾರೆ. ಕೆಮ್ಮಣ್ಣುಗುಂಡಿ, ಮುಳ್ಳಯ್ಯನಗಿರಿ, ಕೊಡಚಾದ್ರಿ. ಆ ಬೆಟ್ಟಗಳ ಚೆಲುವಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಂದು ರಾತ್ರಿ ಬಯಲಲ್ಲಿ ಮಲಗಬೇಕು, ಕಣ್ತುಂಬ ಆಕಾಶ ನೋಡಬೇಕು ಎಂಬ ಆಸೆ ಇರುವವರು ಯಾರೇ ಕೇಳಲಿ, ನಾನು ತೋರಿಸುವ ದಿಕ್ಕು ಮೂಡಣ. ಜಗಳೂರಿಗೆ ಹೋಗಿ.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಆಮೇಲೆ ಬೇರೆ ತಾಲ್ಲೂಕಾಯಿತು. ಆಡಳಿತದ ಅನುಕೂಲಕ್ಕೆ ಆದ ಈ ಜೋಡಣೆಯಿಂದ ಬಯಲ ಹುಚ್ಚಿನವರಿಗೆ ಆದ ಲಾಭ ದೊಡ್ಡದು. ಅಡಿಕೆ ತೋಟದ ಮಲೆನಾಡ ಸೆರಗು, ತುಂಗಭದ್ರೆಯ ದಂಡೆ, ಕಾರೆ ಜಾಲಿಯ ಒಣನಾಡು ಮೂರೂ ಒಂದೇ ಜಿಲ್ಲೆಯಲ್ಲಿ ಸಿಗುತ್ತವೆ. ದಾವಣಗೆರೆಯಿಂದ ಎತ್ತ ಹೊರಟರೂ ಹೊತ್ತು ಮುಳುಗುವ ಮೊದಲು ಟೆಂಟು ಹಾಕಿ ಮುಗಿಸಬಹುದು.

ಜಗಳೂರು ಮಳೆನೆರಳಿನ ಸೀಮೆ. ಪಡುವಣದ ಮೋಡ ಇಲ್ಲಿಗೆ ಬರುವ ಹೊತ್ತಿಗೆ ಬರಿದಾಗಿರುತ್ತದೆ. ರೈತನಿಗೆ ಇದು ತಲೆಮಾರುಗಳ ಕಷ್ಟ. 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆಗಾಗಿ ಈ ತಾಲ್ಲೂಕು ಎಷ್ಟು ವರ್ಷ ಕಾದಿದೆ ಎಂಬುದು ನಮಗೆಲ್ಲ ಗೊತ್ತು. ಆ ಕಷ್ಟವನ್ನು ಮರೆತು ಇಲ್ಲಿನ ಚೆಂದವನ್ನಷ್ಟೇ ಹೊಗಳಲಾಗದು. ಆದರೂ ಆಕಾಶ ನೋಡುವವನಿಗೆ ಬೇಕಾದ್ದು ಒಣ ಗಾಳಿ, ದೂರದೂರ ಊರು, ಮರ ಅಡ್ಡ ಬಾರದ ಕ್ಷಿತಿಜ. ಅದೆಲ್ಲ ಇಲ್ಲಿದೆ. ದುಬೈ, ಶಾರ್ಜಾದಲ್ಲಿ ದುಡಿಯುವ ನಮ್ಮ ಹುಡುಗರು ನವೆಂಬರಿನಿಂದ ಮಾರ್ಚಿವರೆಗೆ ವಾರಾಂತ್ಯವಾದರೆ ಟೈರಿನ ಗಾಳಿ ಇಳಿಸಿಕೊಂಡು ಮರಳುಗಾಡಿಗೆ ನುಗ್ಗುತ್ತಾರೆ, ಇಲ್ಲವೇ ರಾಸ್ ಅಲ್ ಖೈಮಾದ ಜೆಬೆಲ್ ಜೈಸ್ ಬೆಟ್ಟ ಹತ್ತುತ್ತಾರೆ. ಜಗಳೂರು ಮರುಭೂಮಿಯಲ್ಲ, ನಿಜ. ಆದರೆ ಮರುಭೂಮಿ ಕಲಿಸುವ ಪಾಠಗಳೆಲ್ಲ ಇಲ್ಲೂ ಲಾಗೂ ಆಗುತ್ತವೆ: ಹೊತ್ತು ಇಳಿದ ಕೂಡಲೇ ನೆಲ ಬೇಗ ಆರುತ್ತದೆ, ಕುಡಿಯುವ ನೀರನ್ನು ಹೊತ್ತೇ ಒಯ್ಯಬೇಕು, ಒಣಗಿದ ಹಳ್ಳದ ಮರಳು ಎಷ್ಟೇ ಮೆತ್ತಗೆ ಕಂಡರೂ ಅದರಲ್ಲಿ ಮಲಗಬಾರದು. ಎಲ್ಲೋ ಮೇಲ್ಗಡೆ ಬಿದ್ದ ಮಳೆ ಕತ್ತಲಲ್ಲಿ ಸದ್ದಿಲ್ಲದೆ ಬರುತ್ತದೆ. ಅರಬರ ವಾದಿಗಳಲ್ಲಿ, ಅಂದರೆ ಒಣ ಹಳ್ಳಗಳಲ್ಲಿ, ಟೆಂಟು ಕೊಚ್ಚಿಹೋಗುವುದೂ ಹೀಗೆಯೇ.

ಈ ಹವ್ಯಾಸದಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆ ಯಾವುದೆಂದು ಕೇಳಿದರೆ ನನ್ನ ಉತ್ತರ ಒಂದೇ. ಮಲಗುವ ಜಾಗ ಆರಿಸುವುದು. ಇಪ್ಪತ್ತು ಸಾವಿರದ ಟೆಂಟನ್ನು ತಪ್ಪು ಜಾಗದಲ್ಲಿ ಹಾಕಿದರೆ ರಾತ್ರಿಯಿಡೀ ನಡುಗಬೇಕು. ಸರಿಯಾದ ಜಾಗ ಸಿಕ್ಕರೆ ಒಂದು ತಾಡಪಾಲು, ಒಂದು ಕಂಬಳಿ ಸಾಕು. ಇದನ್ನು ಕಲಿಸುವ ಗುರುಗಳು ಯೂಟ್ಯೂಬಿನಲ್ಲಿ ಇಲ್ಲ, ಜಗಳೂರಿನ ಹೊಲಗಳಲ್ಲಿದ್ದಾರೆ. ಕೊಯ್ಲಾದ ಹೊಲದಲ್ಲಿ ಕುರಿ ತರುಬಲು ಬರುವ ಕುರಿಗಾಹಿಗಳು. ರಾತ್ರಿ ಮಂದೆ ಮಲಗಿದ ಹೊಲಕ್ಕೆ ಗೊಬ್ಬರ ಸಿಗುತ್ತದೆ. ಬದಲಿಗೆ ರೈತ ದುಡ್ಡನ್ನೋ ಕಾಳನ್ನೋ ಕೊಡುತ್ತಾನೆ. ಹೊಲ ಬದಲಾದಂತೆ ಬಿಡಾರ ಬದಲಾಗುತ್ತದೆ. ವರ್ಷದ ಎಷ್ಟೋ ತಿಂಗಳು ಬಯಲಲ್ಲೇ ಮಲಗುವ ಈ ಜನ ನೆಲ ನೋಡುವ ರೀತಿಯೇ ಬೇರೆ.

ರಂಗಯ್ಯನದುರ್ಗದ ಕಡೆ ಒಂದು ಸಂಜೆ ನಾನು ಅದನ್ನು ಹತ್ತಿರದಿಂದ ನೋಡಿದೆ. ಮಂದೆ ಇನ್ನೂ ದೂರದಲ್ಲಿತ್ತು. ಮುಂದಾಗಿ ಬಂದ ಅಜ್ಜ ಹೊಲದ ಬದುವಿನ ಮೇಲೆ ಒಂದು ಸುತ್ತು ಹಾಕಿದ. ಬಗ್ಗಿ ಒಂದು ಹಿಡಿ ಮಣ್ಣೆತ್ತಿ, ಬೆರಳ ಸಂದಿಯಿಂದ ನಿಧಾನವಾಗಿ ಬಿಟ್ಟು ಗಾಳಿ ಯಾವ ಕಡೆ ಒಯ್ಯುತ್ತದೆಂದು ನೋಡಿದ. ಚಪ್ಪಲಿ ಕಳಚಿ ಬರಿಗಾಲಲ್ಲಿ ನೆಲ ತುಳಿದು ನೋಡಿದ. ಕೊನೆಗೆ ಸ್ವಲ್ಪ ಇಳಿಜಾರಿದ್ದ ಕಡೆ ಗೂಟ ಹೊಡೆದು ಬಲೆ ಕಟ್ಟಿದ. ಇಳಿಜಾರಾದರೆ ಗಂಜಲ ನಿಲ್ಲುವುದಿಲ್ಲ, ಕುರಿಗಳ ಗೊರಸು ಒಣಗಿರುತ್ತದೆ. ಎಳೆ ಮರಿಗಳನ್ನು ಬುಟ್ಟಿ ಮುಚ್ಚಿ ಗಾಳಿಯ ಮರೆಗೆ ಇಟ್ಟ. ಅಷ್ಟರಲ್ಲಿ ನಾನು ತಗ್ಗಿನಲ್ಲಿ ಸಮತಟ್ಟಾದ ಚೆಂದದ ಜಾಗ ಹುಡುಕಿಕೊಂಡು ಟೆಂಟಿನ ಚೀಲ ಬಿಚ್ಚುತ್ತಿದ್ದೆ.

“ಅಲ್ಲಿ ಬ್ಯಾಡ್ರಿ ಸಾಮಿ,” ಎಂದ ಅಜ್ಜ. “ರಾತ್ರಿ ಥಂಡಿ ಎಲ್ಲ ಅಲ್ಲಿಗೇ ಇಳಿತತಿ.”

“ಮತ್ತೆಲ್ಲಿ ಹಾಕ್ಲಿ ಅಜ್ಜಾ?”

“ದಿಬ್ಬದ ನೆತ್ತಿ ಮ್ಯಾಲೆ ಬ್ಯಾಡ, ಗಾಳಿ ಬಿಡಂಗಿಲ್ಲ. ಮಗ್ಗುಲಾಗೆ ಹಾಕ್ಯಳ್ರಿ. ಆ ಬಂಡಿ ಬೆನ್ನಿಗೆ.”

ಅಜ್ಜ ಹೇಳಿದ್ದನ್ನು ಹವಾಮಾನ ಶಾಸ್ತ್ರವೂ ಹೇಳುತ್ತದೆ. ಮೋಡವಿಲ್ಲದ, ಗಾಳಿ ನಿಂತ ರಾತ್ರಿ ನೆಲ ತನ್ನ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ನೀರಿನ ಹಾಗೆ ಇಳಿಜಾರು ಹಿಡಿದು ತಗ್ಗಿಗೆ ಹೋಗಿ ನಿಲ್ಲುತ್ತದೆ. ತಗ್ಗಿನಲ್ಲಿ ಮಲಗಿದವನಿಗೆ ಚಳಿಯೂ ಹೆಚ್ಚು, ಇಬ್ಬನಿಯೂ ಹೆಚ್ಚು. ನೆತ್ತಿಯಲ್ಲಿ ಗಾಳಿಯ ಕಾಟ. ದಿಬ್ಬದ ನಡು ಮಗ್ಗುಲು ಎರಡಕ್ಕಿಂತಲೂ ಬೆಚ್ಚಗೆ. ಹಗಲೆಲ್ಲ ಬಿಸಿಲು ಕುಡಿದ ಬಂಡೆ ಬೆನ್ನಿಗಿದ್ದರೆ ನಡುರಾತ್ರಿಯವರೆಗೂ ಅದರ ಕಾವು ಸಿಗುತ್ತದೆ. ಬಂಡೆಗೆ ತೀರಾ ಅಂಟಿಕೊಂಡು ಮಾತ್ರ ಮಲಗಬೇಡಿ. ಅದರ ಸಂದಿಗಳಲ್ಲಿ ಚೇಳು, ಮಂಡಲದ ಹಾವು ಇರುವ ಸೀಮೆ ಇದು. ಎರಡು ಮಾರು ದೂರ ಬಿಡಿ, ಟೆಂಟಿನ ಜಿಪ್ಪು ಸದಾ ಮುಚ್ಚಿರಲಿ, ಬೆಳಿಗ್ಗೆ ಶೂ ಕೊಡವಿಯೇ ಕಾಲಿಡಿ.

ಕಂಬಳಿಯ ಮಾತು ಬಂತು. ಚಳ್ಳಕೆರೆ ಕಡೆಯ ಕರಿ ಕಂಬಳಿ ಒಂದಾದರೂ ನಿಮ್ಮ ಸಾಮಾನಿನಲ್ಲಿ ಇರಲಿ. ತೂಕ ಹೆಚ್ಚೆಂಬುದು ಅದರ ಒಂದೇ ದೋಷ. ಇಬ್ಬನಿ ಬಿದ್ದರೂ ಉಣ್ಣೆ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಒಲೆಯ ಕಿಡಿ ಹಾರಿ ನೈಲಾನಿನ ಮೇಲೆ ಬಿದ್ದರೆ ಕರಗಿ ತೂತಾಗುತ್ತದೆ. ಉಣ್ಣೆಯ ಮೇಲೆ ಬಿದ್ದರೆ ಅಲ್ಲೇ ಕರಕಾಗಿ ಆರಿಹೋಗುತ್ತದೆ. ರಾತ್ರಿ ಹೊದಿಕೆ, ಬೆಳಗಿನ ಜಾವ ತಲೆ ಮೇಲಿಂದ ಎಳೆದುಕೊಂಡರೆ ಕೊಪ್ಪೆ, ಹಗಲು ಕೂರಲು ಹಾಸು. ಸ್ಲೀಪಿಂಗ್ ಬ್ಯಾಗ್ ಇದ್ದವರು ಅದನ್ನು ಕಂಬಳಿಯ ಮೇಲೆ ಹಾಸಿಕೊಳ್ಳಲಿ. ಚಳಿ ಹೆಚ್ಚಾಗಿ ಬರುವುದು ಕೆಳಗಿನಿಂದ.

ಅಮಾವಾಸ್ಯೆಯ ಆಸುಪಾಸಿನ ವಾರಾಂತ್ಯವನ್ನೇ ಆರಿಸಿಕೊಳ್ಳಿ. ಬಡಗಣಕ್ಕೆ ಮುಖ ಮಾಡಿ ಕೈ ಮುಂದೆ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಳತೆ ಸುಮಾರು 10 ಡಿಗ್ರಿ. ಕ್ಷಿತಿಜದಿಂದ ಒಂದೂವರೆ ಮುಷ್ಟಿ ಮೇಲೆ ಮಂಕಾಗಿ ಕಾಣುವುದು ಧ್ರುವ. ನಮ್ಮ ಅಕ್ಷಾಂಶ 14 ಡಿಗ್ರಿ ಚಿಲ್ಲರೆ, ಧ್ರುವದ ಎತ್ತರವೂ ಅಷ್ಟೇ. ಈಗ ತೆಂಕಣಕ್ಕೆ ತಿರುಗಿ. ಡಿಸೆಂಬರ್ ಕೊನೆಗೆ ನಡುರಾತ್ರಿ, ಫೆಬ್ರುವರಿ ಮೊದಲಲ್ಲಾದರೆ ರಾತ್ರಿ ಒಂಬತ್ತೂವರೆಗೇ, ಎರಡು ಮುಷ್ಟಿಗೂ ಮೇಲೆ ಅಗಸ್ತ್ಯ ಉರಿಯುತ್ತಿರುತ್ತದೆ. ಇಡೀ ಇರುಳಿನ ಆಕಾಶದಲ್ಲಿ ಲುಬ್ಧಕವನ್ನು ಬಿಟ್ಟರೆ ಇದಕ್ಕಿಂತ ಬೆಳಗುವ ನಕ್ಷತ್ರ ಇನ್ನೊಂದಿಲ್ಲ. ದೆಹಲಿಯವರಿಗೆ ಇದು ಒಂದು ಮುಷ್ಟಿಯೂ ಏರುವುದಿಲ್ಲ, ಲಂಡನ್ನಿನವರಿಗೆ ಕಾಣುವುದೇ ಇಲ್ಲ. ಡಿಸೆಂಬರ್ 13, 14ರ ರಾತ್ರಿ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳ ಮಳೆ. ಬೇಸಿಗೆ ಹತ್ತಿರವಾದಾಗ, ಏಪ್ರಿಲ್ ಕೊನೆಯ ರಾತ್ರಿಗಳಲ್ಲಿ, ಅದೇ ತೆಂಕಣದಲ್ಲಿ ತ್ರಿಶಂಕು ತಲೆಯೆತ್ತುತ್ತದೆ. ಇಷ್ಟನ್ನು ಅಡಿಕೆ ತೋಟದ ನಡುವೆ ನಿಂತು ನೋಡಲಾಗದು. ಜಗಳೂರಿನ ಪರವಾಗಿ ನಾನು ಇಷ್ಟು ವಾದಿಸುವುದು ಅದಕ್ಕೇ.

ನೀರಿನ ವಿಷಯದಲ್ಲಿ ಉದಾಸೀನ ಬೇಡ. ಇಲ್ಲಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಪಟ್ಟಣದಲ್ಲಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿಕೊಂಡೇ ಹೊರಡಿ, ತಲೆಗೆ ಐದು ಲೀಟರಿಗೆ ಕಡಿಮೆ ಬೇಡ. ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಜೊತೆಗೆ ದಾವಣಗೆರೆಯ ಮಂಡಕ್ಕಿ. ಮಂಡಕ್ಕಿಯಂಥ ಬಯಲ ಊಟ ಇನ್ನೊಂದನ್ನು ನಾನು ಕಂಡಿಲ್ಲ. ತೂಕವಿಲ್ಲ, ಕೆಡುವುದಿಲ್ಲ, ಒಲೆ ಬೇಡ. ಈರುಳ್ಳಿ ಹೆಚ್ಚಿ, ಎಣ್ಣೆ ಖಾರ ಹಚ್ಚಿ ಕಲಸಿದರೆ ಮುಗಿಯಿತು. ಒಲೆ ಬೇಡವೆನ್ನಲು ಕಾರಣವಿದೆ. ಜನವರಿ ದಾಟಿದ ಮೇಲೆ ಗುಡ್ಡದ ಹುಲ್ಲು ಒಂದು ಕಿಡಿಗೆ ಕಾಯುತ್ತಿರುತ್ತದೆ. ಚಹಾ ಬೇಕೇಬೇಕೆಂದರೆ ಉತ್ತ ಹೊಲದ ನಡುವೆ ಸಣ್ಣ ಗ್ಯಾಸ್ ಒಲೆ ಹಚ್ಚಿ. ತಿನ್ನುವ ಪದಾರ್ಥವನ್ನು ರಾತ್ರಿ ಟೆಂಟಿನೊಳಗೂ ಹೊರಗೂ ಬಿಡದೆ ವಾಹನದಲ್ಲಿಡಿ, ಈ ಗುಡ್ಡಗಳಲ್ಲಿ ಕರಡಿ ಇದೆ.

ಕೊಂಡುಕುರಿಯೂ ಇದೆ. ರಂಗಯ್ಯನದುರ್ಗದ ಸುಮಾರು 77 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ಅದಕ್ಕಾಗಿಯೇ ಅಭಯಾರಣ್ಯವೆಂದು ಘೋಷಿಸಿದರು. ಭಾರತ, ನೇಪಾಳ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲದ ಪ್ರಾಣಿ. ಗಂಡಿಗೆ ಹಣೆಯ ಮೇಲೆ ಎರಡು ಮೋಟು ಕೊಂಬು, ಹಿಂದೆ ಇನ್ನೆರಡು. ಹಿಂಡು ಕಟ್ಟುವುದಿಲ್ಲ, ಒಂಟಿಯಾಗಿಯೋ ಜೋಡಿಯಾಗಿಯೋ ಹುಲ್ಲಿನಲ್ಲಿ ಅಡಗಿರುತ್ತದೆ. ಹಿಕ್ಕೆಯನ್ನು ಮತ್ತೆಮತ್ತೆ ಒಂದೇ ಜಾಗದಲ್ಲಿ ಹಾಕುವ ಅಭ್ಯಾಸ ಅದರದ್ದು. ಬೆಳಗಿನ ದಾರಿಯ ಪಕ್ಕ ಹಳತು ಹೊಸತು ಬೆರೆತ ಹಿಕ್ಕೆಯ ಗುಪ್ಪೆ ಕಂಡರೆ ಪ್ರಾಣಿಯನ್ನು ಕಂಡಷ್ಟೇ ಸಂತೋಷಪಡಿ. ಅಭಯಾರಣ್ಯದೊಳಗೆ ಟೆಂಟು ಹಾಕುವಂತಿಲ್ಲ, ಹಾಕಲೂ ಬಾರದು. ರಾತ್ರಿ ಹೊರಗಿನ ಹೊಲದಲ್ಲಿ ಕಳೆದು, ಅರಣ್ಯ ಇಲಾಖೆಯ ಅನುಮತಿ ಪಡೆದು ಹಗಲು ಒಳಗೆ ಹೋಗಿ.

ಹೊಲವೆಂದರೆ ಅದಕ್ಕೊಬ್ಬ ಒಡೆಯ ಇದ್ದಾನೆ. ಬೀಳು ಬಿದ್ದ ಹಾಗೆ ಕಂಡರೂ ಊರೊಳಗೆ ಹೋಗಿ ಕೇಳಿಯೇ ಮಲಗಬೇಕು. ಕೇಳಿದವರಿಗೆ ಬೇಡವೆಂದವರನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ. ಹೆಚ್ಚೆಂದರೆ ಮನೆಗೇ ಬಂದು ಮಲಗಿ ಎಂದು ಒತ್ತಾಯ ಮಾಡುತ್ತಾರೆ.

ಬಿಡಾರದ ವಿದ್ಯೆಯ ಇನ್ನೊಂದು ದೊಡ್ಡ ಪರಂಪರೆ ನ್ಯಾಮತಿ ತಾಲ್ಲೂಕಿನಲ್ಲಿದೆ. ಸೂರಗೊಂಡನಕೊಪ್ಪ, 1739ರಲ್ಲಿ ಸಂತ ಸೇವಾಲಾಲರು ಹುಟ್ಟಿದ ಸ್ಥಳವೆಂದು ಬಂಜಾರರು ನಂಬಿರುವ ಊರು. ಎತ್ತುಗಳ ಬೆನ್ನಿಗೆ ಉಪ್ಪು, ಕಾಳು ಹೇರಿ ದೇಶವೆಲ್ಲ ನಡೆದ ಜನ ಅವರು. ಹದಿನೇಳನೇ ಶತಮಾನದಲ್ಲಿ ಬಂದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೇ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲಿನ ಬಗ್ಗೆ ಬರೆದಿದ್ದಾನೆ. ಅಷ್ಟು ದೊಡ್ಡ ತಾಂಡಾ ದಿನವೂ ನೀರು, ಮೇವು, ಇಳಿಯುವ ನೆಲ ಹುಡುಕಿಕೊಳ್ಳಬೇಕಿತ್ತು. ಫೆಬ್ರುವರಿ 15ರ ಜಯಂತಿಗೆ ಇಂದಿಗೂ ಮಾಲಾಧಾರಿಗಳು ದೂರದೂರದಿಂದ ನಡೆದು ಬರುತ್ತಾರೆ. ಆ ದಿನಗಳಲ್ಲಿ ಅತ್ತ ಹೋದವರು ಅವರ ಬಿಡಾರಗಳನ್ನು ಗಮನಿಸಿ. ಅಷ್ಟು ಕಡಿಮೆ ಸಾಮಾನಿನಲ್ಲಿ ಅಷ್ಟು ಅಚ್ಚುಕಟ್ಟು! ಬೆಳಗುತ್ತಿಯ ಹತ್ತಿರದ ತೀರ್ಥರಾಮೇಶ್ವರದ ಗುಡ್ಡ ಹಗಲು ನಡಿಗೆಗೆ ಒಳ್ಳೆಯದು, ರಾತ್ರಿಗಲ್ಲ. 2023ರ ಏಪ್ರಿಲ್‌ನಲ್ಲಿ ನ್ಯಾಮತಿ ಕಡೆಯ ಜೀನಹಳ್ಳಿ ಬಳಿ ಕಾಡಾನೆ ಸೆರೆಹಿಡಿಯುವಾಗ ಸಕ್ರೆಬೈಲು ಆನೆ ಬಿಡಾರದ ಅನುಭವಿ ಪಶುವೈದ್ಯರೇ ದಾಳಿಗೆ ಸಿಕ್ಕಿ ತೀವ್ರವಾಗಿ ಗಾಯಗೊಂಡರು. ಚನ್ನಗಿರಿಯ ಉಬ್ರಾಣಿ, ಜೋಳದಾಳ್ ಕಾಡಂಚಿಗೂ ಇದೇ ಮಾತು. ಭದ್ರಾ ಕಾಡಿನ ಆನೆಗಳು ತೋಟಗಳವರೆಗೂ ಬರುವ ಕಡೆ ಬಟ್ಟೆಯ ಗೋಡೆಯೊಳಗೆ ಮಲಗಬೇಡಿ.

ಹೊನ್ನಾಳಿಯಲ್ಲಿ ನನ್ನ ಮಾತು ಚಿಕ್ಕದು. ತುಂಗಭದ್ರೆಯ ಮರಳದಿಣ್ಣೆ ಎಷ್ಟೇ ಕರೆದರೂ ಅಲ್ಲಿ ಟೆಂಟು ಬೇಡ. ಮೇಲೆ ಗಾಜನೂರು, ಭದ್ರಾ ಎರಡೂ ಅಣೆಕಟ್ಟುಗಳಿವೆ. ನೀರು ಬಿಟ್ಟ ಸುದ್ದಿಗಿಂತ ಮೊದಲೇ ನೀರು ಬರಬಹುದು.

ಚನ್ನಗಿರಿಯವರು ಶಾಂತಿಸಾಗರವನ್ನು ಬಿಟ್ಟನೆಂದು ಕೋಪಿಸಿಕೊಳ್ಳಬಾರದು. ಎರಡು ಗುಡ್ಡಗಳ ನಡುವೆ ಒಂದು ಏರಿ ಕಟ್ಟಿ ಅಷ್ಟು ನೀರು ನಿಲ್ಲಿಸಿದ ಹಳಬರ ಜಾಣತನವನ್ನು ಸಂಜೆ ಏರಿಯ ಮೇಲೆ ನಿಂತು ನೋಡಲೇಬೇಕು. ಜನರ ಬಾಯಲ್ಲಿ ಇಂದಿಗೂ ಸೂಳೆಕೆರೆಯಾಗಿರುವ ಈ ಕೆರೆ ಚಿತ್ರದುರ್ಗಕ್ಕೆ ಕುಡಿಯುವ ನೀರು ಕೊಡುತ್ತದೆ. ಹಾಗಾಗಿ ದಂಡೆಯಲ್ಲಿ ಸೋಪು ಹಚ್ಚಿ ಪಾತ್ರೆ ತೊಳೆಯುವುದು, ಎಂಜಲು ಚೆಲ್ಲುವುದು ತಪ್ಪು, ದೊಡ್ಡ ತಪ್ಪು. ಅದೂ ಅಲ್ಲದೆ ನೀರಂಚು ಚಳಿಗಾಲದಲ್ಲಿ ಮಂಜು, ಸೊಳ್ಳೆಗಳ ಜಾಗ; ದಂಡೆಯಿಂದ ಮೇಲೆ, ಊರಿನವರು ತೋರಿಸಿದ ಕಡೆ ಮಲಗಿ.

ಮಕ್ಕಳನ್ನು ಮೊದಲ ಸಲ ಕರೆದೊಯ್ಯುವವರಿಗೆ ಒಂದು ಸಲಹೆ. 1907ರಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತರಷ್ಟು ಹುಡುಗರಿಗೆ ಕಲಿಸಲು ತೊಡಗಿದ್ದನ್ನು ನಮ್ಮ ಪಕ್ಕದ ಕೊಂಡಜ್ಜಿಯ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರಗಳು ಇವತ್ತಿಗೂ ಕಲಿಸುತ್ತಿವೆ. ಶಾಲೆಯ ಮೂಲಕ ಅವಕಾಶ ಸಿಕ್ಕರೆ ಕಳಿಸಿ. ಸಿಗದಿದ್ದರೆ ಮನೆಯ ಮಾಳಿಗೆಯ ಮೇಲೆ ಒಂದು ರಾತ್ರಿ ಟೆಂಟು ಹಾಕಿಸಿ, ಹಗ್ಗದ ಗಂಟನ್ನು ದೀಪ ಆರಿಸಿ ಕೈಯಿಂದಲೇ ಬಿಚ್ಚಿ ಕಟ್ಟಲು ರೂಢಿ ಮಾಡಿಸಿ. ಜಗಳೂರಿಗೆ ಹೋದ ಮೇಲೆ ಜಾಗ ಆರಿಸುವ ಕೆಲಸವನ್ನು ಅವರಿಗೇ ಬಿಡಿ, ಆರಿಸಿದ್ದು ತಗ್ಗಾಗಿದ್ದರೆ ಮಾತ್ರ ಬಾಯಿ ಹಾಕಿ.