ಮಿಂಚಂಚೆಯ ಶೋಧನಕ್ರಮ : ಗ್ರಹಾಂ ಅವರ ಪ್ರಬಂಧದ ವಿಮರ್ಶೆ

ಪಾಲ್ ಗ್ರಹಾಂ ಎಂಬವರು 2002ನೆಯ ಆಗಸ್ಟಿನಲ್ಲಿ ಪ್ರಕಟಿಸಿದ ‘ಎ ಪ್ಲಾನ್ ಫಾರ್ ಸ್ಪ್ಯಾಮ್’ ಎಂಬ ಪ್ರಬಂಧವನ್ನು ಯಂತ್ರಜ್ಞರ ಸೊತ್ತೆಂದು ಸಾಹಿತ್ಯದ ಅಧ್ಯಾಪಕರು ಬದಿಗಿಡತಕ್ಕುದಲ್ಲ. ಬಳಸಿದ ಮಾತಿನಿಂದ ಬರೆದವನ ಉದ್ದೇಶವನ್ನು ಊಹಿಸಬಹುದೆ ಎಂಬ ನಮ್ಮ ಹಳೆಯ ಪ್ರಶ್ನೆಯೇ ಅದರ ವಸ್ತು.

ಗ್ರಂಥಕರ್ತರ ವಾದವು ಸರಳವಾದುದು. ಸ್ಪ್ಯಾಮ್ ಕಳುಹಿಸುವವನು ತನ್ನ ವಿಳಾಸವನ್ನು ಮರೆಮಾಚಬಲ್ಲನು. ಹೇಳಬಂದ ಮಾತನ್ನು ಮಾತ್ರ ಹೇಳಲೇಬೇಕು. ಆದುದರಿಂದ ಅವರು ಸುಮಾರು 4000 ಸ್ಪ್ಯಾಮ್ ಪತ್ರಗಳನ್ನೂ ಅಷ್ಟೇ ಸತ್ಪತ್ರಗಳನ್ನೂ ತೆಗೆದುಕೊಂಡು, ಒಂದೊಂದು ಪದವೂ ಯಾವ ಕಡೆ ಎಷ್ಟು ಬಾರಿ ಬಂದಿದೆಯೆಂದು ಎಣಿಸಿದರು. ಹೊಸ ಪತ್ರದಲ್ಲಿ ಅತ್ಯಂತ ಸ್ಪಷ್ಟವಾಗಿ ಸಾಕ್ಷಿ ನುಡಿಯುವ 15 ಪದಗಳನ್ನು ಆರಿಸಿ, 1763ರಲ್ಲಿ ಮರಣೋತ್ತರವಾಗಿ ಪ್ರಕಟವಾದ ಥಾಮಸ್ ಬೇಯ್ಸ್ ಅವರ ಸಂಭಾವ್ಯತಾ ತತ್ತ್ವದ ಜಾಡಿನಲ್ಲಿ ತೀರ್ಪು ಕೊಟ್ಟರು. ಸತ್ಪತ್ರದ ಎಣಿಕೆಯನ್ನು ಇಮ್ಮಡಿಸಿದ್ದು ಅವರ ವಿವೇಕ. ನೂರು ಕಸ ಒಳಬಂದರೂ ಅಳಿಸಬಹುದು. ಒಂದು ಒಳ್ಳೆಯ ಪತ್ರ ಕಾಣದೆ ಹೋದರೆ ಹೋದುದು ಯಾವುದೆಂಬುದೇ ತಿಳಿಯದು.

ಪದಗಳ ಪ್ರತ್ಯಯವನ್ನು ಕಿತ್ತು ಮೂಲರೂಪವನ್ನು ಮಾತ್ರ ಎಣಿಸುವ ಕ್ರಮವನ್ನು 1998ರಲ್ಲಿ ಪ್ಯಾಂಟೆಲ್ ಮತ್ತು ಲಿನ್ ಅವರು ಅನುಸರಿಸಿದ್ದರು. 2003ರ ಲೇಖನದಲ್ಲಿ ಗ್ರಹಾಂ ಅದನ್ನು ಮೆಚ್ಚಿಲ್ಲ. ಇಂಗ್ಲಿಷಿಗೆ ಇದು ಸರಿಯಿರಬಹುದು. ಕನ್ನಡದಲ್ಲಿ ಸಾಲವನ್ನು, ಸಾಲಕ್ಕೆ, ಸಾಲದಿಂದ ಎಂಬ ರೂಪಗಳು ಬೇರೆಬೇರೆಯಾಗಿ ಎಣಿಸಲ್ಪಟ್ಟರೆ ಸಾಕ್ಷ್ಯವು ಚದರಿಹೋಗುವುದು. ಆದರೂ ‘ಪಡೆಯಿರಿ’ ಎನ್ನುವವನು ವ್ಯಾಪಾರಿ, ‘ಪಡೆದೆನು’ ಎನ್ನುವವನು ಮಿತ್ರ. ಇಲ್ಲಿ ಧಾತುವು ಮೌನವಾಗಿದೆ, ಪ್ರತ್ಯಯವೇ ಮಾತನಾಡುತ್ತದೆ! ನಮ್ಮ ವೈಯಾಕರಣರು ಕೈಯಿಕ್ಕಬೇಕಾದ ಸ್ಥಳವಿದು.

ಪ್ರಬಂಧದ ಮುಖ್ಯ ನ್ಯೂನತೆ ಬೇರೆಡೆಯಲ್ಲಿದೆ. ಅದು ಒಬ್ಬನ ಪೆಟ್ಟಿಗೆಗೆ ಬಂದು ಬಿದ್ದ ಪತ್ರವನ್ನು ಕುರಿತದ್ದು. ಒಂದು ಕಾಲೇಜಿನ ಸರ್ವರಿನಲ್ಲಾದರೋ ಔಷಧಗಳ ಹೆಸರು ವೈದ್ಯಾಧ್ಯಾಪಕರ ಪತ್ರದಲ್ಲಿಯೂ ಇರುವುದು, ಮಾರುವವನ ಪತ್ರದಲ್ಲಿಯೂ ಇರುವುದು. 2000ದ ಮೇ ತಿಂಗಳಿನ ‘ಐ ಲವ್ ಯೂ’ ಕೀಟವು ಪರಿಚಿತರ ವಿಳಾಸದಿಂದಲೇ ಹೊರಟಿತು, ವಿಷವಿದ್ದುದು ಲಗತ್ತಿನಲ್ಲಿ. ಆದುದರಿಂದಲೇ ಪೋಸ್ಟ್‌ಫಿಕ್ಸ್ ಮೊದಲಾದವುಗಳಲ್ಲಿ ಪದರಗಳನ್ನು ಕಟ್ಟುವುದು ರೂಢಿಯಾಯಿತು: ಬಾಗಿಲಲ್ಲಿ ಕಪ್ಪುಪಟ್ಟಿಯ ವಿಚಾರಣೆ, ಒಳಗೆ ವೈರಸ್ಸಿನ ಗುರುತುಗಳನ್ನು ಹೋಲಿಸಿ ನೋಡುವ ಕ್ಲ್ಯಾಮ್‌ಎವಿ, ಬಳಿಕ ಸ್ಪ್ಯಾಮ್‌ಅಸಾಸಿನ್. ಈ ಕೊನೆಯದರಲ್ಲಿ ಬೇಯ್ಸ್ ತತ್ತ್ವವು ಅನೇಕ ಮತಗಳಲ್ಲೊಂದು. ಎಲ್ಲವೂ ಕೂಡಿ 5 ಅಂಕವಾದರೆ ಪತ್ರವು ಸ್ಪ್ಯಾಮೆಂದು ಗಣಿಸಲ್ಪಡುವುದು. ಅಗ್ಗದ ಪರೀಕ್ಷೆ ಮೊದಲು, ದುಬಾರಿಯದು ಕೊನೆಗೆ.

ತೀರ್ಪನ್ನು ಎಲ್ಲಿ ಹೇಳಬೇಕೆಂಬುದು ಇದಕ್ಕಿಂತ ಗಹನವಾದ ಪ್ರಶ್ನೆ. ಕಳುಹಿಸುವ ಸರ್ವರು ಇನ್ನೂ ಸಂಪರ್ಕದಲ್ಲಿರುವಾಗಲೇ 550 ಎಂಬ ಸಂಕೇತದಿಂದ ನಿರಾಕರಿಸಿದರೆ, ಪತ್ರದ ಹೊಣೆ ಆ ಕಡೆಯೇ ಉಳಿಯುವುದು. ಬರೆದವನಿಗೆ ಸುದ್ದಿ ಮುಟ್ಟುವುದು. ಸ್ವೀಕರಿಸಿ ಸದ್ದಿಲ್ಲದೆ ಎಸೆದರೆ ಇಬ್ಬರೂ ಮೋಸಹೋಗುವರು. ಸ್ವೀಕರಿಸಿದ ಬಳಿಕ ಮರುಪತ್ರವನ್ನು ಹೊರಡಿಸಿದರೆ, ಕಳ್ಳವಿಳಾಸದ ಕಾರಣ ಅದು ಯಾರೋ ನಿರಪರಾಧಿಯ ಮೇಲೆ ಬೀಳುವುದು.

ಪದರಗಳ ಪಕ್ಷದವರಿಗೂ ಒಂದು ಆಕ್ಷೇಪಣೆಯಿದೆ. ಕೊನೆಯ ಪದರದ ಕನಿಕರವು ಮೊದಲ ಬಾಗಿಲಲ್ಲೇ ಹಿಂದಿರುಗಿದ ಪತ್ರಕ್ಕೆ ಒದಗುವುದಿಲ್ಲ. ಗ್ರಹಾಂ ಅವರ ಇಮ್ಮಡಿ ತೂಕವನ್ನು ಪದಗಳ ಎಣಿಕೆಯಲ್ಲಿ ಮಾತ್ರ ಇಟ್ಟು, ಬಾಗಿಲಲ್ಲಿ ಒಂದೇ ಕಪ್ಪುಪಟ್ಟಿಯ ಮಾತಿಗೆ ಪತ್ರವನ್ನು ತಳ್ಳುವುದು ಅಸಂಗತ. ಹಲವು ಪಟ್ಟಿಗಳಿಗೆ ಬೇರೆಬೇರೆ ತೂಕವಿಟ್ಟು, ಮೊತ್ತವು ಮಿತಿಯನ್ನು ಮುಟ್ಟಿದ ಮೇಲೆಯೇ ನಿರಾಕರಿಸುವ ಅನುಕೂಲವು ಪೋಸ್ಟ್‌ಫಿಕ್ಸಿನ ಪೋಸ್ಟ್‌ಸ್ಕ್ರೀನಿನಲ್ಲಿದೆ. ಅದನ್ನು ಬಳಸದಿರುವುದಕ್ಕೆ ಕಾರಣ ಕಾಣುವುದಿಲ್ಲ.